ಯಕೃತ್ತಿನ ಗಂಟೂ ಚಿತ್ರದ ಸಾಕ್ಷ್ಯವೂ

ದೇಹದ ಅವಯವಗಳಲ್ಲಿ ಯಕೃತ್ತಿನಷ್ಟು ಮೌನಿಯಾದುದು ಮತ್ತೊಂದಿಲ್ಲವೆಂದು ನನಗೆ ತೋರುತ್ತದೆ. ಹಲ್ಲು ಹುಳುಕಾದರೆ ಮನೆಮಂದಿಗೆಲ್ಲ ತಿಳಿಯುವುದು. ಯಕೃತ್ತಾದರೋ ವರ್ಷಗಟ್ಟಲೆ ಬೆಂದು ಗಡುಸಾಗಿ, ತನ್ನೊಳಗೆ ಗಂಟೊಂದನ್ನು ಬೆಳೆಯಿಸಿಕೊಂಡರೂ ತುಟಿಪಿಟ್ಟೆನ್ನದು. ಆದುದರಿಂದ ಅದರ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ನೋವಿನಿಂದ ತಿಳಿಯುವ ಹೊತ್ತಿಗೆ ಕಾಲ ಮೀರಿರುವುದೇ ಹೆಚ್ಚು.

ನಮ್ಮ ಭಾವನವರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ವೈರಾಣು ಇರುವುದು ಹಲವು ವರ್ಷಗಳ ಹಿಂದೆಯೇ ಗೊತ್ತಾಗಿತ್ತು. ಯಕೃತ್ತಿನಲ್ಲಿ ಸಿರೋಸಿಸ್ಸೂ ತೊಡಗಿತ್ತು. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆಯಾಗಬೇಕೆಂದು ವೈದ್ಯರು ವಿಧಿಸಿದ್ದರು. ಭಾವನವರು ಗೊಣಗುತ್ತ, ಅಕ್ಕನ ಬಲವಂತಕ್ಕೆ ಹೋಗಿಬರುತ್ತಿದ್ದರು. ಕಳೆದ ವರ್ಷ ಅಂಥದೊಂದು ಪರೀಕ್ಷೆಯಲ್ಲಿ ಸುಮಾರು 3 ಸೆಂಟಿಮೀಟರಿನ ಗಂಟು ಕಂಡಿತು.

ಅಕ್ಕನು ಹೆದರಿದ್ದುದು ಸೂಜಿಗೆ. ಬೇರೆ ಅರ್ಬುದಗಳಲ್ಲಿ ಸಾಮಾನ್ಯವಾಗಿ ಗಂಟಿನ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ರೋಗದ ಹೆಸರನ್ನು ಹೇಳುವರಷ್ಟೆ. ವೈದ್ಯರಾದರೋ, ಇಂಥ ಯಕೃತ್ತಿನಲ್ಲಿ ಅನೇಕ ವೇಳೆ ಚಿತ್ರವೇ ಸಾಕೆಂದರು. ಚುಚ್ಚಿದರೆ ರಕ್ತಸ್ರಾವದ ಭಯವುಂಟು. ಸೂಜಿ ಹಾದ ದಾರಿಯಲ್ಲಿ ಅರ್ಬುದದ ಬೀಜ ಬೀಳುವ ಸಂಭವವೂ, ಅಪರೂಪವಾದರೂ, ಇಲ್ಲದಿಲ್ಲ. ಅಕ್ಕನಿಗೆ ಸಮಾಧಾನವಾಯಿತು. ನನಗೆ ಮಾತ್ರ, ಛಾಯೆಯನ್ನು ನೋಡಿ ಇಷ್ಟು ದೊಡ್ಡ ಮಾತನ್ನು ಆಡುವುದೆಂತು ಎಂದು ಕೇಳದಿರಲಾಗಲಿಲ್ಲ.

ಉತ್ತರವಿರುವುದು ರಕ್ತಸಂಚಾರದಲ್ಲಿ. ಯಕೃತ್ತಿಗೆ ರಕ್ತವು ಎರಡು ದಾರಿಗಳಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಎಂಬ ಸಿರೆಯ ಮೂಲಕ, ಉಳಿದ ಕಾಲು ಪಾಲು ಅಪಧಮನಿಯ ಮೂಲಕ. ಅರ್ಬುದದ ಗಂಟು ಬೆಳೆದಂತೆಲ್ಲ ಸಿರೆಯನ್ನು ತೊರೆದು ಬಹುಮಟ್ಟಿಗೆ ಅಪಧಮನಿಯ ರಕ್ತವನ್ನೇ ಹೀರತೊಡಗುವುದು. ತೋಳಿನ ರಕ್ತನಾಳಕ್ಕೆ ಅಯೋಡಿನ್ ಕೂಡಿದ ದ್ರವವನ್ನು ಬಿಟ್ಟು ಸಿ.ಟಿ. ಯಂತ್ರದಲ್ಲಿ ಚಿತ್ರ ತೆಗೆದರೆ, ಅರ್ಧ ನಿಮಿಷ ಕಳೆಯುತ್ತಲೇ ಗಂಟು ಬೆಳ್ಳಗೆ ಹೊಳೆಯುವುದು. ಸುತ್ತಣ ಯಕೃತ್ತು ಇನ್ನೂ ಮಂಕಾಗಿರುವುದು. ನಿಮಿಷ ಮೀರಿ ಸಿರೆಯ ರಕ್ತವು ತುಂಬಿದಾಗ ಯಕೃತ್ತು ಬೆಳಗಿ ಗಂಟು ಕಪ್ಪಗಾಗುವುದು. ಹೀಗೆ ಮೊದಲು ಹೊಳೆದು ಮೊದಲು ಮಾಸುವುದೇ ಅದರ ಗುರುತು. ಅಡಕೆ ಬೆಳೆಗಾರರಾದ ಭಾವನವರು ಇದನ್ನು ಕೇಳಿ, "ಎಲ್ಲ ಗಿಡಕ್ಕೂ ಕೆರೆಯ ನೀರು, ಇದೊಂದಕ್ಕೆ ಕದ್ದ ಬಾವಿಯ ನೀರು ಅನ್ನಿ" ಎಂದರು. ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಈ ಬಗೆಯ ಯಂತ್ರದಿಂದ ನೋಡಿದರು. ಅದನ್ನು ರಚಿಸಿದ ಹೌನ್ಸ್‌ಫೀಲ್ಡರು ವೈದ್ಯರಲ್ಲ, ಎಂಜಿನಿಯರು. ಆದರೂ 1979ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಚಿತ್ರದಿಂದಲೇ ಯಕೃತ್ತಿನ ಅರ್ಬುದವನ್ನು ನಿರ್ಣಯಿಸಬಹುದೆಂದು ಯೂರೋಪಿನ ತಜ್ಞರು 2000ದಲ್ಲಿ ಬಾರ್ಸಿಲೋನಾದಲ್ಲಿ ಸೇರಿ ಒಪ್ಪಿದರು. ಆದರೆ ಈ ಸಾಕ್ಷ್ಯವು ಸಲ್ಲುವುದು ಸಿರೋಸಿಸ್ ಅಥವಾ ಬಹುಕಾಲದ ಹೆಪಟೈಟಿಸ್ ಬಿ ಇದ್ದವರಲ್ಲಿ ಮಾತ್ರ. ಆರೋಗ್ಯವಾದ ಯಕೃತ್ತಿನಲ್ಲಿ ಹೊಳೆಯುವ ಗಂಟು ನಿರಪಾಯಕರವಾದುದೂ ಆಗಿರಬಹುದು. ಚಿತ್ರದಲ್ಲಿ ಸಂದೇಹ ಉಳಿದರೆ ಸೂಜಿಯೇ ಗತಿ.

ಹೆಸರು ತಿಳಿದ ಮೇಲೆ ಹಂತವನ್ನು ತಿಳಿಯಬೇಕಷ್ಟೆ. ಗಂಟುಗಳೆಷ್ಟು, ಅಳತೆಯೇನು, ಪೋರ್ಟಲ್ ಸಿರೆಯೊಳಕ್ಕೆ ನುಗ್ಗಿದೆಯೇ, ಶ್ವಾಸಕೋಶಕ್ಕೆ ಹೋಗಿದೆಯೇ ಎಂಬುದನ್ನೆಲ್ಲ ಚಿತ್ರಗಳಿಂದಲೇ ನೋಡಿದರು. ಸಿರೆಯ ಮಾತಿಗಾಗಿ ನಾವು ಎರಡು ದಿನ ಕಾದೆವು. ಅದು ಕೆಟ್ಟಿದ್ದರೆ ಶಸ್ತ್ರಚಿಕಿತ್ಸೆಯ ಆಸೆ ಬಹುಮಟ್ಟಿಗೆ ಮುಗಿದಂತೆ. ಸಿರೆ ನಿರ್ಮಲವಾಗಿತ್ತು. ಒಂದೇ ಗಂಟು, 5 ಸೆಂಟಿಮೀಟರಿಗೆ ಒಳಗೆ. 1996ರಲ್ಲಿ ಮಿಲಾನಿನ ವೈದ್ಯರು ಯಕೃತ್ತಿನ ಕಸಿಗೆ ಹಾಕಿದ ಮಿತಿಯೊಳಗೇ ಇತ್ತು.

ಇಷ್ಟು ಯಂತ್ರಗಳು ನುಡಿದ ಮೇಲೆ ವೈದ್ಯರು ಭಾವನವರತ್ತ ತಿರುಗಿ, "ಯಜಮಾನರೇ, ಸ್ನಾನ ನೀವೇ ಮಾಡುತ್ತೀರಾ? ತೋಟಕ್ಕೆ ನಡೆದು ಹೋಗುತ್ತೀರಾ?" ಎಂದು ಕೇಳಿದರು. ಇದು ಉಪಚಾರದ ಮಾತೆಂದು ತಿಳಿದ ಭಾವನವರು ನಕ್ಕರು. ಹಾಗಲ್ಲವಂತೆ, 1999ರಲ್ಲಿ ಬಾರ್ಸಿಲೋನಾದವರು ರಚಿಸಿದ ಹಂತಗಳ ಕ್ರಮದಲ್ಲಿ ಗಂಟಿನ ಅಳತೆಯೊಡನೆ ಯಕೃತ್ತಿನ ಉಳಿದ ಶಕ್ತಿಯನ್ನೂ ರೋಗಿಯ ನಡೆದಾಡುವ ತ್ರಾಣವನ್ನೂ ಎಣಿಸುವರು. ಯಾವ ಚಿತ್ರದಲ್ಲಿಯೂ ಮೂಡದ ಈ ಸಂಗತಿಗೆ ಶಾಸ್ತ್ರದಲ್ಲಿ ಸ್ಥಾನವಿರುವುದನ್ನು ಕೇಳಿ ನನಗೆ ಸಂತೋಷವಾಯಿತು.

ಗಂಟಿದ್ದ ಭಾಗವನ್ನು ಛೇದಿಸಿ ತೆಗೆದರು. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರೂ ಚಿತ್ರವು ಹೇಳಿದುದನ್ನೇ ಹೇಳಿದರು. ಭಾವನವರಿಗೆ ಈಗಲೂ ಕೆಲವು ತಿಂಗಳಿಗೊಮ್ಮೆ ಸಿ.ಟಿ. ಆಗುತ್ತಿದೆ. ಮಕ್ಕಳ ರಕ್ತವನ್ನೂ ಪರೀಕ್ಷಿಸಲಾಗಿ ಹಿರಿಯ ಮಗನಲ್ಲಿ ಅದೇ ವೈರಾಣು ಕಂಡುಬಂದಿತು. ಅವನ ಮೊದಲ ಅಲ್ಟ್ರಾಸೌಂಡ್ ಪರೀಕ್ಷೆಗೆ ಭಾವನವರೇ ಕರೆದುಕೊಂಡು ಹೋದರು, ಈ ಸಾರಿ ಗೊಣಗಲಿಲ್ಲ.