ಮಾಡದೊಳಗಿನ ಚೀಟಿ

ಸಾಲೆಯ ಅಂಗಳಕ್ಕೆ ಡಾಕ್ಟರರ ಗಾಡಿ ಬಂದಿತೆಂದರೆ ನಾವು ಹುಡುಗರು ಸೂಜಿಗೆ ಹೆದರಿ ಹಿತ್ತಲ ಗೋಡೆ ಹಾರುತ್ತಿದ್ದೆವು. ಅದು 2015ನೆಯ ಇಸವಿ. ಈಗ ತಾನೇ ಒಂದು ತಾಲೂಕಾಗಿರುವ ನಮ್ಮ ಕಮಲನಗರ ಆಗಿನ್ನೂ ಔರಾದ ತಾಲೂಕಿನಲ್ಲಿತ್ತು. ನಾನು ಐದನೆಯ ಇಯತ್ತೆ.

ಆ ದಿನ ಸಿಕ್ಕಿಬಿದ್ದೆ. ತೂಕ, ಎತ್ತರ, ಹಲ್ಲು, ಉಗುರು ಎಲ್ಲ ನೋಡಿದರು. ಸೂಜಿ ಬರಲೇ ಇಲ್ಲ. ಗೋಡೆಯ ಮೇಲಿನ ಅಕ್ಷರ ಓದೆಂದರು. ಮೂರನೆಯ ಸಾಲು ನನಗೆ ಇರುವೆಗಳಂತೆ ಕಂಡಿತು. ದಡ್ಡನೆನಿಸಿಕೊಂಡು ನಾನಾಗಿಯೇ ಹಿಂದೆ ಕೂಡುತ್ತಿದ್ದೆ. ಹಿಂದೆ ಕೂತಷ್ಟೂ ಹಲಿಗೆ ಕಾಣದು, ಕಾಣದಷ್ಟೂ ದಡ್ಡತನ ಹೆಚ್ಚು!

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೇ ಅದೆಂದು ಈಗ ಬಲ್ಲೆ. ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರಕಾರಿ ಸಾಲೆಗೆ 1 ಸಲ ತಂಡ ಬರಬೇಕೆಂಬುದು ಅದರ ನಿಯಮ. ಹುಟ್ಟುದೋಷ, ರೋಗ, ಪೋಷಣೆಯ ಕೊರತೆ, ಕುಂಠಿತ ಬೆಳವಣಿಗೆ, ಈ ನಾಲ್ಕನ್ನು ಅದು ಹುಡುಕುತ್ತದೆ.

ಆದರೆ ಚೀಟಿ ಬರೆದೊಡನೆ ಕಣ್ಣು ಬಂದೀತೆ? ಬೀದರಿಗೆ ಹೋಗಬೇಕಾದರೆ ಅಪ್ಪನ ಒಂದು ದಿನದ ಕೂಲಿ ಹೋಗಬೇಕು. ಚೀಟಿ ಎರಡು ತಿಂಗಳು ಗೋಡೆಯ ಮಾಡದಲ್ಲಿ ಕುಳಿತಿತು. ಕಡೆಗೆ ಅವ್ವ, “ಕೂಲಿ ನಾಳಿಗೂ ಸಿಗ್ತದ, ಕಣ್ಣು ಸಿಗ್ತದೇನು?” ಎಂದು ಸೆರಗಿನ ಗಂಟು ಬಿಚ್ಚಿ ರೈಲು ಹತ್ತಿಸಿದಳು.

ಚಾಳೀಸು ಹಾಕಿಕೊಂಡ ದಿನ ಬೇವಿನ ಗಿಡಕ್ಕೆ ಬಿಡಿಬಿಡಿ ಎಲೆಗಳಿರುವುದನ್ನು ಮೊದಲ ಸಲ ಕಂಡೆ.

ನನ್ನೊಡನೆ ಚೀಟಿ ಪಡೆದ ಗೆಳೆಯ ನನಗಿಂತ ಜಾಣ. ಅವನ ಚೀಟಿ ಮಾಡದಲ್ಲೇ ಉಳಿಯಿತು. ಏಳನೆಯದಕ್ಕೆ ಸಾಲೆ ಬಿಟ್ಟ.

ವಾಚಕ ಮಿತ್ರರೇ, ಡಾಕ್ಟರರು ಸಾಲೆಯ ತನಕ ಬರುತ್ತಾರೆ. ಅಲ್ಲಿಂದ ದವಾಖಾನೆಯ ತನಕ ಒಂದು ಮಗುವಿನ ಕೈಹಿಡಿದು ನಡೆಸಲು ಕಾಲೇಜು ಕಲಿತ ನಾವು ಒಂದು ದಿನ ಕೊಡಲಾರೆವೆ?