ಕುಮಾರಕೃಪಾ ರಸ್ತೆಯಲ್ಲಿ ಬೋಣಿ

ಶನಿವಾರ, 2025ರ ಜನವರಿ 4. ರಾತ್ರಿ ಒಂಬತ್ತಾಗಿದೆ. ಮಾಮೂಲ್‌ಪೇಟೆಯಲ್ಲಿ ಶಟರ್‌ಗಳು ಒಂದೊಂದಾಗಿ ಇಳಿಯುತ್ತಿವೆ. ಕೊನೆಯ ಮೂಟೆ ಹೊತ್ತ ಹಮಾಲಿ ‘ಸೈಡ್, ಸೈಡ್’ ಎನ್ನುತ್ತ ನಿಮ್ಮನ್ನು ಗೋಡೆಗೆ ಒತ್ತರಿಸಿಕೊಂಡೇ ಹೋಗುತ್ತಾನೆ. ನಿಮ್ಮ ಕೈಯಲ್ಲಿ ನೈಲಾನ್ ಹಗ್ಗದ ಸುರುಳಿ, ಒಂದು ಡಬ್ಬಿ ಕ್ಲಿಪ್ಪು, ಮಳೆ ಬಂದರೆ ಇರಲಿ ಎಂದು ಕೊಂಡ ಪ್ಲಾಸ್ಟಿಕ್ ಶೀಟು. ಜನವರಿಯಲ್ಲಿ ಬೆಂಗಳೂರಿಗೆ ಎಲ್ಲಿಯ ಮಳೆ? ಆದರೂ ಕೊಂಡಿದ್ದೀರಿ. ಕೈಗೆ ಏನಾದರೂ ಕೆಲಸ ಕೊಡದಿದ್ದರೆ ಎದೆಬಡಿತ ಕಿವಿಗೇ ಕೇಳಿಸುತ್ತದೆ.

ಅಂಗಡಿಯ ಮೇಲೆಯೇ ಮನೆ. ಕಡಿದಾದ ಮೆಟ್ಟಿಲು ಹತ್ತಿ ಒಳಗೆ ಬಂದರೆ ನಡುಮನೆಯ ಗೋಡೆಗೆ ಒರಗಿಸಿಟ್ಟ ಜಲವರ್ಣ ಚಿತ್ರಗಳು ಕಾಯುತ್ತಿವೆ. ಬಳೆಪೇಟೆಯ ತಿರುವಿನಲ್ಲಿ ಸಿಕ್ಕಿಕೊಂಡ ಕೈಗಾಡಿ, ಮಾರ್ಕೆಟ್ಟಿನ ಹೂವಿನವರು, ನಿಮ್ಮದೇ ಕಿಟಕಿಯಿಂದ ಕಾಣುವ ವೈರುಗಳ ಗೋಜಲು, ಎರಡು ಕಾಂಕ್ರೀಟ್ ಕಟ್ಟಡಗಳ ನಡುವೆ ಉಸಿರು ಬಿಗಿಹಿಡಿದು ನಿಂತ ಮರದ ಕಂಬದ ಹಳೆಯ ಮನೆ. ಎಲ್ಲಕ್ಕೂ ಫ್ರೇಮು ಬಿದ್ದಿದೆ, ಹಿಂದೆ ಹೆಸರಿನ ಚೀಟಿ ಅಂಟಿದೆ. ಬೆಲೆಯ ಚೀಟಿ ಮಾತ್ರ ಇನ್ನೂ ಖಾಲಿ.

ನಾಳೆ ಚಿತ್ರಸಂತೆ, ಕಲಾವಿದರು ಬೀದಿಯಲ್ಲೇ ನಿಂತು ತಮ್ಮ ಚಿತ್ರ ಮಾರುವ ಸಂತೆ. ಇದು 22ನೆಯದು, ಹೆಣ್ಣುಮಗುವಿಗೆ ಅರ್ಪಿಸಿದ್ದು. ಮೊದಲ ಸಲ ನಿಮಗೂ ಜಾಗ ಸಿಕ್ಕಿದೆ.

ಪೆನ್ನು ಹಿಡಿದು ಕೂತವರಿಗೆ ಎರಡು ಸಾವಿರ ಎಂದು ಬರೆಯುವುದೋ, ಒಂದೂವರೆ ಎಂದು ಬರೆಯುವುದೋ ತಿಳಿಯುತ್ತಿಲ್ಲ. ಇಷ್ಟು ವರ್ಷ ಬರೆದದ್ದನ್ನೆಲ್ಲ ಸುಮ್ಮನೆ ಕೊಟ್ಟೇ ಅಭ್ಯಾಸ. ಗೃಹಪ್ರವೇಶಕ್ಕೆ ಒಂದು, ನಾದಿನಿಯ ಮದುವೆಗೆ ಒಂದು. ‘ನಂಗೂ ಒಂದು ಬರ್ಕೊಡೇ’ ಎಂದವರಿಗೆಲ್ಲ ಒಂದೊಂದು. ನಮ್ಮ ಮನೆಗಳಲ್ಲಿ ಚಿತ್ರ ಬರೆಯುವುದು ಹವ್ಯಾಸ, ಹವ್ಯಾಸಕ್ಕೆ ದುಡ್ಡು ಕೇಳುವುದು ಎಂದರೆ ಮನೆಗೆ ಬಂದವರಿಗೆ ಕಾಫಿ ಕೊಟ್ಟು ಬಿಲ್ಲು ಮುಂದಿಟ್ಟ ಹಾಗೆ. ನಿಮ್ಮನ್ನು ಕಾಡುತ್ತಿರುವುದು ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದಲ್ಲ, ಅದು ನಿಮಗೆ ಗೊತ್ತಿದೆ. ಅಪರಿಚಿತರ ಮುಖ ನೋಡಿ ಒಂದು ಅಂಕಿ ಹೇಳಬೇಕಲ್ಲ, ಅದು.

ಅತ್ತೆ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂರುತ್ತಾರೆ. ಮಾವನವರು ಹೋದಮೇಲೆ ಕೆಳಗಿನ ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತು ವ್ಯಾಪಾರ ನಡೆಸಿದವರು.

“ಕಾಗದಕ್ಕೆ ಎಷ್ಟಾಯ್ತು?”

ಹೇಳುತ್ತೀರಿ.

“ಬಣ್ಣ? ಫ್ರೇಮು? ಗಾಜು?”

ಅದನ್ನೂ ಹೇಳುತ್ತೀರಿ. ಅತ್ತೆ ಬೆರಳು ಮಡಿಚಿ ಕೂಡುತ್ತಾರೆ. “ಇನ್ನು ನಿನ್ನ ಕೂಲಿ?” ಎಂದಾಗ ನಿಮಗೆ ಉತ್ತರವಿಲ್ಲ. “ಹಮಾಲಿ ಬುಟ್ಟಿ ಇಳಿಸಿದ್ರೂ ಕೂಲಿ ಕೇಳ್ತಾನೆ ಕಣೇ. ಮೂರೂವರೆ ಸಾವಿರ ಬರಿ. ದೊಡ್ಡದಕ್ಕೆ ಐದು. ನಾಳೆ ಯಾರಾದ್ರೂ ಕೇಳಿದ್ರೆ ರೇಟು ಹೇಳು, ಹೇಳಿ ಬಾಯ್ಮುಚ್ಕೊಂಡಿರು. ಹೇಳಾದ್ಮೇಲೆ ಮೊದ್ಲು ಬಾಯ್ಬಿಟ್ಟವರಿಗೇ ಲಾಸು.”

ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆಂದು ಹೇಳುವ ದಪ್ಪ ದಪ್ಪ ಪುಸ್ತಕಗಳು ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಬೇಕಾದಷ್ಟು ಸಿಗುತ್ತವೆ. ಈ ಒಂದು ಮಾತಿನ ಎದುರು ಅವು ನಿಲ್ಲಲಾರವು.

ಬೆಳಗಿನ ಐದೂಮುಕ್ಕಾಲು. ಆಟೋದ ಹಿಂದಿನ ಸೀಟಿನಲ್ಲಿ ನೀವು, ಅತ್ತೆ, ನಡುವೆ ಹಳೆಯ ಹೊದಿಕೆಯಲ್ಲಿ ಸುತ್ತಿದ ಫ್ರೇಮುಗಳು. ಅಂಗಡಿಯಲ್ಲಿ ಸಾಮಾನು ತೂಗುಹಾಕುವ ಕಬ್ಬಿಣದ ಜಾಲರಿಗಳನ್ನು ಯಜಮಾನರು ಸ್ಕೂಟರಿನಲ್ಲಿ ಹಿಂದೆ ತರುತ್ತಿದ್ದಾರೆ. ಚಿಕ್ಕಪೇಟೆ ಮಲಗಿದೆ. ಮೆಜೆಸ್ಟಿಕ್ ಎಂದಿನಂತೆ ಎದ್ದೇ ಇದೆ. ಆನಂದರಾವ್ ಸರ್ಕಲ್ ದಾಟಿ ಶಿವಾನಂದ ಸರ್ಕಲ್ಲಿಗೆ ಬಂದರೆ ಮುಂದೆ ಬ್ಯಾರಿಕೇಡು. ಇಳಿಯುತ್ತೀರಿ. ಚಳಿಗೆ ಬೆರಳು ಸೆಟೆದಿದೆಯೋ, ಭಯಕ್ಕೋ, ಹೇಳಲಾಗದು.

ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಬಂಗಲೆಯ ಹೆಸರು ಹೊತ್ತ ಕುಮಾರಕೃಪಾ ರಸ್ತೆ ಇದು. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ಬಂದು ತಂಗಿದ್ದು ಆ ಬಂಗಲೆಯಲ್ಲೇ. ಬೇರೆ ದಿನಗಳಲ್ಲಿ ಇಲ್ಲಿ ಕಾರುಗಳದ್ದೇ ಕಾರುಬಾರು. ಇವತ್ತು ರಸ್ತೆಯುದ್ದಕ್ಕೂ ಹಗ್ಗ, ಸುತ್ತಿಗೆ, ಸ್ಟ್ಯಾಂಡು, ಬೆಡ್‌ಶೀಟು. ಬೇರೆ ಬೇರೆ ರಾಜ್ಯಗಳಿಂದ ಬಂದ ಸುಮಾರು ಒಂದೂವರೆ ಸಾವಿರ ಕಲಾವಿದರು ಒಟ್ಟಿಗೇ ಗಂಟು ಬಿಚ್ಚುತ್ತಿದ್ದಾರೆ. ಸಂತೆ ನಡೆಸುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗೇಟಿನ ಮುಂದೆ ಹಾಯುವಾಗ ಒಳಗೆ ಇಣುಕುತ್ತೀರಿ. 1960ರಲ್ಲಿ ಎಂ.ಎಸ್. ನಂಜುಂಡರಾವ್ ಕಟ್ಟಿದ ಸಂಸ್ಥೆ. ಅದರ ಗ್ಯಾಲರಿಗಳಲ್ಲಿ ಚಿತ್ರಕಾರ ರೋರಿಕ್‌ರ ಹಿಮಾಲಯವಿದೆ, ಮೈಸೂರು ಶೈಲಿಯ ದೇವರುಗಳಿದ್ದಾರೆ, ತೊಗಲುಗೊಂಬೆಗಳಿವೆ. ಒಳಗಿನ ಗೋಡೆ ಏರಿದವರಿಗೆ ದಾರಿಹೋಕರಿಗೆ ಬೆಲೆ ಹೇಳುವ ಪಾಡಿಲ್ಲ. ನೀವು ಹೊರಗೆ, ಬೀದಿಯಲ್ಲಿ.

ಜಾಲರಿ ನಿಲ್ಲಿಸಿ, ಕಾಲಿಗೆ ಕಲ್ಲು ಕೊಟ್ಟು, ಹಗ್ಗ ಬಿಗಿದು, ಅಂಗಡಿಯಿಂದ ತಂದ ಕೊಕ್ಕೆಗಳಿಗೆ ಚಿತ್ರ ನೇತುಹಾಕುತ್ತೀರಿ. ಒಂದು ಓರೆ. ಸರಿಮಾಡಿದರೆ ಮತ್ತೊಂದು ಓರೆ. ಹತ್ತಿರ ನಿಂತರೆ ಕಾಣದು ಎಂದು ರಸ್ತೆಯ ಆಚೆ ಬದಿಗೆ ಹೋಗಿ ನೋಡುತ್ತೀರಿ. ಹಾಗೆ ನೋಡಿದ ಗಳಿಗೆಯಲ್ಲೇ ಧೈರ್ಯ ಕುಸಿಯುತ್ತದೆ. ನಡುಮನೆಯಲ್ಲಿ ಗೋಡೆ ತುಂಬಿದ್ದ ಚಿತ್ರಗಳು ಈ ಮರಗಳ ಕೆಳಗೆ ಅಂಗೈಯಗಲ ಕಾಣುತ್ತಿವೆ. ಎಡಕ್ಕೆ ಒಡಿಶಾದ ಪಟಚಿತ್ರದವರು, ಕೂದಲೆಳೆಯಂಥ ಗೆರೆ. ಬಲಕ್ಕೆ ಕಲಬುರಗಿಯಿಂದ ರಾತ್ರಿ ರೈಲಿನಲ್ಲಿ ಬಂದವರ ತೈಲಚಿತ್ರ, ಆಳೆತ್ತರದ ಎಮ್ಮೆ. ಆ ಎಮ್ಮೆಯ ಪಕ್ಕ ನಿಮ್ಮ ಕೈಗಾಡಿಯನ್ನು ಯಾರು ನೋಡುತ್ತಾರೆ?

ಎಮ್ಮೆಯ ಯಜಮಾನರಿಗೆ ನಿಮ್ಮ ಮುಖ ಓದಲು ಬರುತ್ತದೆ. “ಪೈಲಾ ಸಲಾ ಏನ್ರಿ?” ಎನ್ನುತ್ತಾರೆ. “ಮಂದಿ ಬರ್ತಾರ, ನೋಡ್ತಾರ, ಹೋಗ್ತಾರ. ಹೋದವರ ಬೆನ್ನ ನೋಡಬ್ಯಾಡ್ರಿ. ಬರೋವರ ಮಾರಿ ನೋಡ್ರಿ.” ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಡುತ್ತಾರೆ.

ಒಂಬತ್ತೂವರೆಗೆ ಜನ ಬರತೊಡಗುತ್ತಾರೆ. ಟಿಕೆಟ್ಟಿಲ್ಲ, ಆಹ್ವಾನವಿಲ್ಲ, ಗಾಜಿನ ಬಾಗಿಲಿಲ್ಲ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವವರು ಇಲ್ಲಿ ಕಡಲೆಕಾಯಿ ತಿನ್ನುತ್ತಲೇ ಕಲೆ ನೋಡಬಹುದು. ಮನೆಗೊಂದು ಕಲಾಕೃತಿ ಎಂಬುದು ಸಂತೆಯ ಘೋಷವಾಕ್ಯ, ಅದು ಈಡೇರುವುದಾದರೆ ಹೀಗೆಯೇ ಈಡೇರಬೇಕು. ಆದರೆ ಗ್ಯಾಲರಿಯಲ್ಲಿ ಪಿಸುಮಾತಾಗುವ ಅಭಿಪ್ರಾಯ ಇಲ್ಲಿ ನಿಮ್ಮ ಮುಖದ ಮುಂದೆಯೇ ಜೋರಾಗಿ ಬೀಳುತ್ತದೆ.

“ಇದು ಪ್ರಿಂಟಾ ಮೇಡಂ?”

“ಮನೇಲಿ ನಮ್ಮ ಹುಡುಗಿನೂ ಹಿಂಗೇ ಬರೀತಾಳೆ, ಎರಡನೇ ಕ್ಲಾಸು.”

“ಒಂದು ಫೋಟೋ ತಗೊಳ್ಳಾ?” ಕೇಳುವ ಮೊದಲೇ ತೆಗೆದಾಗಿರುತ್ತದೆ.

ಮೊದಮೊದಲು ಪ್ರತಿಯೊಂದೂ ಚುಚ್ಚುತ್ತದೆ. ಆಮೇಲೆ ಗಮನಿಸುತ್ತೀರಿ, ಉತ್ತರ ಕೊಡುತ್ತಿರುವಷ್ಟು ಹೊತ್ತು ಕೈ ನಡುಗುವುದಿಲ್ಲ. ಪ್ರಿಂಟಲ್ಲ ಸಾರ್, ಕೈಯಲ್ಲೇ ಬರೆದದ್ದು, ಇಲ್ಲಿ ನೋಡಿ, ಈ ಬಿಳಿ ಬಣ್ಣವಲ್ಲ, ಬಣ್ಣ ತಾಗದಂತೆ ಬಿಟ್ಟ ಕಾಗದ. ಹೇಳುತ್ತ ಹೇಳುತ್ತ ನಿಮ್ಮ ದನಿ ನಿಮ್ಮದೇ ಆಗುತ್ತದೆ. ಹೂಬಿಟ್ಟ ಮರಗಳನ್ನು ಬರೆದ ರುಮಾಲೆ ಚೆನ್ನಬಸವಯ್ಯನವರು ಇದೇ ಬೆಂಗಳೂರಿನ ರಸ್ತೆ, ಪಾರ್ಕುಗಳಲ್ಲಿ ಬಯಲಿನಲ್ಲೇ ಕೂತು ಬರೆದವರು. ಬೆನ್ನ ಹಿಂದೆ ಜನ ಸೇರದೆ ಇರುತ್ತಿದ್ದರೇ? ಸ್ವಾತಂತ್ರ್ಯ ಹೋರಾಟದಲ್ಲಿ ಇದ್ದವರಿಗೆ ಅದೇನು ಮಹಾ, ಬಿಡಿ.

ಹನ್ನೊಂದು ಗಂಟೆ. ಟೀ ಶರ್ಟಿನ ತರುಣನೊಬ್ಬ ವೈರುಗಳ ಚಿತ್ರದ ಮುಂದೆ ನಿಲ್ಲುತ್ತಾನೆ. “ಎಷ್ಟು ಇದು?”

“ಮೂರೂವರೆ ಸಾವಿರ... ಅಂದ್ರೆ, ಮೂರಕ್ಕೂ ಕೊಡಬಹುದು, ನಿಮಗೆ ಇಷ್ಟ ಆದ್ರೆ...”

ಅವನು ಇನ್ನೂ ಚೌಕಾಸಿಗೇ ಇಳಿದಿರಲಿಲ್ಲ. ‘ಒಂದು ರೌಂಡ್ ಹೋಗಿ ಬರ್ತೀನಿ’ ಎಂದು ಹೋಗುತ್ತಾನೆ. ಮಡಚುವ ಕುರ್ಚಿಯಲ್ಲಿ ಕೂತ ಅತ್ತೆ ಏನೂ ಅನ್ನುವುದಿಲ್ಲ. ನಿಮ್ಮ ಸೆರಗಿನ ತುದಿಯನ್ನು ಒಮ್ಮೆ ಜಗ್ಗುತ್ತಾರೆ, ಅಷ್ಟೆ.

ಬಿಸಿಲು ಮರದ ಸಂದಿಯಿಂದ ಇಳಿದು ಗಾಜಿನ ಮೇಲೆ ಕೂರುತ್ತದೆ. ಜಾಲರಿಯನ್ನು ತುಸು ತಿರುಗಿಸುತ್ತೀರಿ. ಆಗ ವಯಸ್ಸಾದ ದಂಪತಿ ನಿಲ್ಲುತ್ತಾರೆ. ಕಂಬದ ಮನೆಯ ಚಿತ್ರದ ಎದುರು ಗಂಡ ಕನ್ನಡಕ ಬದಲಿಸುತ್ತಾರೆ.

“ಇದು ಪೇಟೆ ಮನೆ ಅಲ್ವಾ? ಜಗುಲಿ ನೋಡು. ಇಂಥದ್ದೇ ಜಗುಲಿ ಮೇಲೆ ನಾವು ಕವಡೆ ಆಡ್ತಿದ್ವಿ.”

“ನಿಮ್ಮದು ಯಾವ ಪೇಟೆ ಸಾರ್?”

“ಹುಟ್ಟಿದ್ದು ನಗರ್ತಪೇಟೆ. ಈಗ ಮಲ್ಲೇಶ್ವರ. ಎಷ್ಟಮ್ಮ ಇದಕ್ಕೆ?”

“ಮೂರೂವರೆ ಸಾವಿರ.”

ಬಾಯಿ ಮುಚ್ಚುತ್ತೀರಿ. ನಾಲಿಗೆಯ ತುದಿಯಲ್ಲಿ ‘ಕಮ್ಮಿ ಮಾಡ್ಕೊಡ್ತೀನಿ’ ಬಂದು ಕೂತಿದೆ, ಹಲ್ಲು ಕಚ್ಚಿ ತಡೆಯುತ್ತೀರಿ. ಎಲ್ಲೋ ಡೊಳ್ಳು ಬಡಿಯುತ್ತಿದೆ. ಆಚೆ ಬದಿಯಲ್ಲಿ ಭಾವಚಿತ್ರ ಬರೆಯುವ ವಿದ್ಯಾರ್ಥಿಯ ಎದುರು ಮಗುವೊಂದು ಮೂಗು ತುರಿಸಿಕೊಂಡು ಬೈಸಿಕೊಳ್ಳುತ್ತಿದೆ. ಅವರು ಹೆಂಡತಿಯ ಮುಖ ನೋಡುತ್ತಾರೆ. ಆಕೆ ಚಿತ್ರ ನೋಡುತ್ತಾರೆ. ಇಷ್ಟು ದೀರ್ಘವಾದ ಮೌನವನ್ನು ಕುಮಾರಕೃಪಾ ರಸ್ತೆ ಕಂಡಿರಲಾರದು.

“ಆಯ್ತು, ಕಟ್ಟಿಕೊಡಿ.”

ಅವರು ಫೋನು ತೆಗೆಯುತ್ತಾರೆ. ಇಷ್ಟು ಜನರ ನಡುವೆ ನೆಟ್‌ವರ್ಕ್ ಎಲ್ಲಿದೆ, ಚಕ್ರ ಸುತ್ತುತ್ತಲೇ ಇದೆ. ಅತ್ತೆ ಎದ್ದು ನಿಲ್ಲುತ್ತಾರೆ. “ಬೋಣಿ ಸ್ವಾಮಿ, ಕ್ಯಾಶಿದ್ರೆ ಕ್ಯಾಶೇ ಕೊಡಿ.” ಪೇಟೆಯಲ್ಲಿ ಹುಟ್ಟಿದವರಿಗೆ ಅದನ್ನು ಎರಡನೇ ಸಲ ಹೇಳಬೇಕಿಲ್ಲ. ಐನೂರರ ಏಳು ನೋಟು ಎಣಿಸಿ ಕೊಡುತ್ತಾರೆ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ನಿಮ್ಮ ಕೈಗಿಡುತ್ತಾರೆ. ನೀವು ಬಬಲ್ ಶೀಟು ಸುತ್ತುವಾಗ ಟೇಪು ಬೆರಳಿಗೇ ಅಂಟಿಕೊಳ್ಳುತ್ತದೆ.

ಅಲ್ಲಿಂದ ಮುಂದೆ ದಿನ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಚಿತ್ರಾನ್ನವನ್ನು ಜಾಲರಿಯ ಹಿಂದೆ ನಿಂತೇ ತಿನ್ನುತ್ತೀರಿ. ಅಂಚೆಕಾರ್ಡಿನ ಅಳತೆಯ ನೂರೈವತ್ತು ರೂಪಾಯಿಯ ಚಿತ್ರಗಳನ್ನು ಕಾಲೇಜು ಹುಡುಗಿಯರು ಆರಿಸಿ ಆರಿಸಿ ಒಯ್ಯುತ್ತಾರೆ. ಒಬ್ಬರು ಐದು ಸಾವಿರದ್ದನ್ನು ಎರಡಕ್ಕೆ ಕೇಳುತ್ತಾರೆ. ‘ಆಗಲ್ಲ ಸಾರ್’ ಎಂದು ನಕ್ಕುಬಿಡುತ್ತೀರಿ. ಸಂತೆಯೆಂದಮೇಲೆ ಚೌಕಾಸಿ ಇದ್ದೇ ಇದೆ, ಅದನ್ನು ಅವಮಾನವೆಂದುಕೊಳ್ಳುವ ಕಲಾವಿದರು ಸಂತೆಗೆ ಬರಬಾರದು. ಹಾಗೆಂದು ಕೇಳಿದ ತಕ್ಷಣ ಅರ್ಧಕ್ಕಿಳಿದರೆ, ಬೆಳಿಗ್ಗೆ ಪೂರ್ತಿ ಕೊಟ್ಟು ಒಯ್ದವರಿಗೆ ಮಾಡುವ ಮೋಸ ಅದು. ದೊಡ್ಡದಕ್ಕೆ ಇನ್ನೂರು ಮುನ್ನೂರು ಬಿಡುತ್ತೀರಿ, ಅದಕ್ಕಿಂತ ಕೆಳಗಿಲ್ಲ. ಹೊಸ ಮುಖ ಹತ್ತಿರ ಬಂದಾಗಲೆಲ್ಲ ಹೊಟ್ಟೆಯಲ್ಲಿ ಒಂದು ಸಣ್ಣ ಮಿಸುಕಾಟ ಉಳಿದೇ ಇದೆ. ಉಳಿಯಲಿ, ಬೆಲೆ ಹೇಳಲು ಅದೇನೂ ಅಡ್ಡ ಬರುತ್ತಿಲ್ಲ.

ನಾಲ್ಕರ ಸುಮಾರಿಗೆ ಟೀ ಶರ್ಟಿನ ತರುಣ ನಿಜವಾಗಿಯೂ ತಿರುಗಿ ಬರುತ್ತಾನೆ. “ಮೂರು ಅಂದ್ರಲ್ಲ ಮೇಡಂ?” ಹೌದು, ಅಂದಿದ್ದಿರಿ. ಆಡಿದ ಮಾತು, ಮೂರಕ್ಕೇ ಕೊಡುತ್ತೀರಿ. ಅತ್ತೆಗೂ ಅದು ಸರಿಯೇ. ಪೇಟೆಯಲ್ಲಿ ಬಾಯಿಂದ ಬಿದ್ದ ರೇಟನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕತ್ತಲಾಗುವಾಗ ಕಲಬುರಗಿಯವರ ಎಮ್ಮೆ ಇನ್ನೂ ಅಲ್ಲೇ ನಿಂತಿದೆ. ಸಣ್ಣ ಚಿತ್ರಗಳು ನಾಲ್ಕು ಹೋಗಿವೆ, ರೈಲು ಖರ್ಚು ದಾಟಿತು ಎನ್ನುತ್ತಾರೆ. ನಿಮ್ಮ ಕೈಗಾಡಿಯೂ ಹೋಗಿಲ್ಲ, ಎಲ್ಲಕ್ಕಿಂತ ನಿಮಗಿಷ್ಟವಾದದ್ದು ಅದೇ ಆಗಿತ್ತು. ಆದರೆ ಫ್ರೇಮಿನ ಖರ್ಚು, ಆಟೋ, ಕಾಗದ ಎಲ್ಲ ಕಳೆದು ಚೀಲದಲ್ಲಿ ದುಡ್ಡು ಉಳಿದಿದೆ. ಜಾಲರಿ ಮಡಚುತ್ತ ಅತ್ತೆ ಲೆಕ್ಕ ಮುಗಿಸುತ್ತಾರೆ: ಮುಂದಿನ ವರ್ಷ ಇದೇ ಅಳತೆಗೆ ನಾಲ್ಕೂವರೆ ಸಾವಿರ.