ಫ್ರೀ ಅಂದ್ರೆ ಯಾರ ದುಡ್ಡಲ್ಲಿ?

ನಮ್ಮ ಲ್ಯಾಬ್‌ನಲ್ಲಿ ದುಡ್ಡು ಕೊಡದೇ ಬಳಸೋ ಸಾಫ್ಟ್‌ವೇರ್ ಎಷ್ಟಿದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಉಬುಂಟು, ಜಿಸಿಸಿ, ಪೈಥಾನ್, ಗಿಟ್... ನಮ್ಮ ಅರ್ಧ ಸಿಲಬಸ್ ನಡೀತಿರೋದೇ ಇವುಗಳ ಮೇಲೆ. ಪ್ರೋಗ್ರಾಮ್ ಎಲ್ಲಾ ಪುಕ್ಕಟೆ ಸಿಗೋದಾದ್ರೆ, ಲೋನ್ ತಗೊಂಡು ಪ್ರೋಗ್ರಾಮಿಂಗ್ ಕಲೀತಿರೋ ನಮಗೆ ನಾಳೆ ಸಂಬಳ ಕೊಡೋರು ಯಾರು? ಈ ಪ್ರಶ್ನೆ ನನ್ನನ್ನ ತುಂಬಾ ದಿನದಿಂದ ಕಾಡ್ತಿದೆ.

ಅರ್ಧ ಗೊಂದಲ ಇರೋದು ‘ಫ್ರೀ’ ಅನ್ನೋ ಪದದಲ್ಲೇ. ಇಂಗ್ಲಿಷ್‌ನಲ್ಲಿ ಒಂದೇ ಪದ, ಎರಡು ಅರ್ಥ. ಕನ್ನಡದಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಂಗೆ ಈ ವ್ಯತ್ಯಾಸ ಸರಿಯಾಗಿ ಹೊಳೆದಿದ್ದು ಕನ್ನಡದಲ್ಲಿ ಯೋಚಿಸಿದಾಗಲೇ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ಹೇಳಿದ್ದು ‘ಮುಕ್ತ’ದ ಬಗ್ಗೆ. ಕೋಡ್ ಓದೋಕೆ, ಬದಲಾಯಿಸೋಕೆ, ಹಂಚೋಕೆ ಸ್ವಾತಂತ್ರ್ಯ ಇರಬೇಕು ಅಷ್ಟೇ. ಮಾರಬಾರದು ಅಂತ ಅವರು ಎಲ್ಲೂ ಹೇಳಿಲ್ಲ.

ತಿಪಟೂರಿನಲ್ಲಿ ನಮ್ಮ ಸೋದರಮಾವನದು ಹಾರ್ಡ್‌ವೇರ್ ಅಂಗಡಿ. ಕಂಪ್ಯೂಟರ್ ಹಾರ್ಡ್‌ವೇರ್ ಅಲ್ಲ, ಪೈಪು, ಪೇಂಟು, ಮೊಳೆ. ಅಲ್ಲಿಯ ಒಬ್ಬ ಹುಡುಗ ಅವರಿಗೆ ಲಿಬ್ರೆಆಫೀಸ್ ಹಾಕಿ, ಬಿಲ್ ಶೀಟ್ ಮಾಡಿ, ಪ್ರಿಂಟರ್ ಸರಿಮಾಡಿಕೊಟ್ಟು ಸಾವಿರದೈನೂರು ತಗೊಂಡ. ಆಮೇಲೆ ಮಾವ ನಂಗೆ ಫೋನ್ ಮಾಡಿ, “ಅದು ಫ್ರೀ ಅಂತಲ್ಲೋ! ನಂಗೆ ಟೋಪಿ ಹಾಕಿದ್ನಾ ಅವನು?” ಅಂದ್ರು. “ಇಲ್ಲ ಮಾವ, ನೀವು ಕೊಟ್ಟಿದ್ದು ಸಾಫ್ಟ್‌ವೇರ್‌ಗಲ್ಲ, ಅವನ ಕೆಲಸಕ್ಕೆ” ಅಂದೆ.

ರೆಡ್ ಹ್ಯಾಟ್ ಕಂಪನಿ ಮಾಡಿದ್ದೂ ಇದನ್ನೇ, ದೊಡ್ಡ ಮಟ್ಟದಲ್ಲಿ. ಲಿನಕ್ಸ್‌ನ ಕೋಡ್ ಎಲ್ಲರಿಗೂ ಸಿಗುತ್ತೆ. ಆದ್ರೆ ಬ್ಯಾಂಕಿನ ಸರ್ವರ್ ರಾತ್ರಿ ಎರಡು ಗಂಟೆಗೆ ನಿಂತ್ರೆ ಫೋನ್ ಎತ್ತೋಕೆ ಒಬ್ಬರು ಬೇಕಲ್ಲ? ಆ ಭರವಸೆಯನ್ನ ಅವರು ಮಾರಿದರು. 2019ರಲ್ಲಿ ಐಬಿಎಂ ಆ ಕಂಪನಿಯನ್ನ ಕೊಂಡಿದ್ದು ಸುಮಾರು 34 ಬಿಲಿಯನ್ ಡಾಲರ್‌ಗೆ. ಇವತ್ತು ಲಿನಕ್ಸ್ ಕರ್ನಲ್‌ಗೆ ಕೋಡ್ ಬರೆಯೋರಲ್ಲಿ ಬಹುಪಾಲು ಜನ ಯಾವುದೋ ಕಂಪನಿಯಿಂದ ಸಂಬಳ ತಗೊಂಡೇ ಬರೀತಾರೆ. ಅಂದ್ರೆ ನಮ್ಮ ಹೊಟ್ಟೆಪಾಡಿಗೆ ದಾರಿ ಇದೆ.

ಆದ್ರೆ ದುಡ್ಡು ಎಲ್ಲರಿಗೂ ತಲುಪಲ್ಲ. ಓಪನ್‌ಎಸ್‌ಎಸ್‌ಎಲ್ ಕಥೆ ನೋಡಿ. ನಾವು ಬ್ಯಾಂಕ್ ವೆಬ್‌ಸೈಟಿಗೆ ಹೋದಾಗ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಗದ ಹಾಗೆ ಕಾಪಾಡೋ ಕೋಡ್ ಅದು. ಜಗತ್ತಿನ ಲಕ್ಷಾಂತರ ಸರ್ವರ್‌ಗಳು ಅದನ್ನ ನಂಬಿಕೊಂಡಿದ್ದವು. 2014ರಲ್ಲಿ ಅದರಲ್ಲಿ ‘ಹಾರ್ಟ್‌ಬ್ಲೀಡ್’ ಅನ್ನೋ ದೊಡ್ಡ ದೋಷ ಸಿಕ್ಕಿತು. ಆಗ ಗೊತ್ತಾಗಿದ್ದು ಏನಂದ್ರೆ, ಅದಕ್ಕೆ ವರ್ಷಕ್ಕೆ ಬರ್ತಿದ್ದ ದೇಣಿಗೆ ಸುಮಾರು 2000 ಡಾಲರ್, ಪೂರ್ತಿ ಸಮಯ ಕೆಲಸ ಮಾಡ್ತಿದ್ದೋರು ಒಬ್ಬರೇ! ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್ ಎಲ್ಲಾ ಸೇರಿ ನಿಧಿಗೆ ದುಡ್ಡು ಹಾಕಿದ್ದು ಆಮೇಲೆ. ಊರಿಗೆಲ್ಲಾ ನೀರು ಕೊಡೋ ಬಾವಿ, ಹೂಳೆತ್ತೋಕೆ ಮಾತ್ರ ಯಾರೂ ಇಲ್ಲ ಅನ್ನೋ ಹಾಗೆ.

ಸ್ವಲ್ಪ ಬದಲಾವಣೆ ನಮ್ಮ ಬೆಂಗಳೂರಲ್ಲೂ ಕಾಣ್ತಿದೆ. 2024ರಲ್ಲಿ ಝೆರೋಧಾ ಕಂಪನಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡೋ ನಿಧಿ ಶುರು ಮಾಡಿತು. ಬಳಸಿ ಬೆಳೆದವರು ವಾಪಸ್ ಕೊಡೋದು ದಾನ ಅಲ್ಲ, ಬಾಕಿ ತೀರಿಸೋದು ಅಂತ ನಂಗನ್ಸುತ್ತೆ.

ನಮಗೆ ಮಾತ್ರ ಸೀನಿಯರ್ಸ್ ಹೇಳೋದು, “ಓಪನ್ ಸೋರ್ಸ್‌ಗೆ ಕೋಡ್ ಬರೀರಿ, ರೆಸ್ಯೂಮೆ ಚೆನ್ನಾಗಿರುತ್ತೆ.” ಬರೆಯೋಣ, ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದ್ರೆ ಫೆಸ್ಟ್ ಬಜೆಟ್‌ನಲ್ಲಿ ಶಾಮಿಯಾನಕ್ಕೆ ದುಡ್ಡಿದೆ, ಸೌಂಡ್ ಸಿಸ್ಟಮ್‌ಗೆ ದುಡ್ಡಿದೆ, ಒಂದು ತಿಂಗಳು ನಿದ್ದೆಗೆಟ್ಟು ರಿಜಿಸ್ಟ್ರೇಷನ್ ವೆಬ್‌ಸೈಟ್ ಮಾಡಿದೋರಿಗೆ ಬರೀ ಸರ್ಟಿಫಿಕೇಟ್. ಈ ಸಲ ಆ ಕೋಡ್‌ನ ಎಲ್ಲ ಕಾಲೇಜಿಗೂ ಮುಕ್ತವಾಗಿ ಬಿಟ್ಟುಕೊಡೋಣ. ಬಜೆಟ್‌ನಲ್ಲಿ ಅದನ್ನ ಬರೆದೋರ ಹೆಸರಿಗೂ ಒಂದು ಸಾಲು ಇರಲಿ, ಅದರ ಮುಂದೆ ಒಂದು ಮೊತ್ತವೂ ಇರಲಿ.